ಕದ್ದ ಕುರ್ತಾದ ಕಮಿಷನ್ ಯಾರ ಖಾತೆಗೆ?

ಕಳೆದ ರಂಜಾನಿನಲ್ಲಿ ನನ್ನ ತಮ್ಮ ಒಂದು ಕುರ್ತಾ ಮಾಡಿದ. ಹೊಲಿದದ್ದಲ್ಲ, ಅವನಿಗೆ ಶರ್ಟಿನ ಗುಂಡಿ ಹಾಕಲೂ ಬರುವುದಿಲ್ಲ. ಅಬ್ಬಾ ಅವರ ಹಳೆಯ ಮೊಬೈಲಿನಲ್ಲಿ ಬೆರಳಿನಿಂದ ಬರೆದದ್ದು. ಆಟಗಾರರು ತಮ್ಮದೊಂದು ಗೊಂಬೆ ಇಟ್ಟುಕೊಂಡು ಊರೆಲ್ಲ ಸುತ್ತುವ, ಮನೆ ಕಟ್ಟುವ, ಅಂಗಡಿ ಇಡುವ ಆನ್‌ಲೈನ್ ಆಟಗಳು ನಿಮಗೆಲ್ಲ ಗೊತ್ತಿವೆ. ಆ ಗೊಂಬೆಗೆ ಅವತಾರ್ ಎನ್ನುತ್ತಾರೆ. ತಮ್ಮ ಮಾಡಿದ್ದು ಅವತಾರಿಗೆ ತೊಡಿಸುವ ಈದ್ ಕುರ್ತಾ.

ಅದರ ಕೊರಳಪಟ್ಟಿಯ ಮೇಲಿದ್ದ ಬಳ್ಳಿ ಮಾತ್ರ ನಿಜವಾದದ್ದು. ನಮ್ಮ ಮಾಮು ಜರ್ದೋಸಿ ಕೆಲಸ ಮಾಡುತ್ತಾರೆ. ಮದುವೆ ರವಿಕೆ, ಶೇರ್ವಾನಿ, ದುಪಟ್ಟಾ, ಯಾವುದು ಬಂದರೂ ಮರದ ಅಡ್ಡಾಕ್ಕೆ ಬಟ್ಟೆ ಬಿಗಿದು ಕೂತರೆ ಏಳುವುದು ನಮಾಜಿಗೆ ಮತ್ತು ಚಹಾಕ್ಕೆ ಮಾತ್ರ. ತಮ್ಮ ಸಂಜೆ ಅವರ ಪಕ್ಕ ಕೂತು, ಅವರೇ ಕಟ್ಟಿದ ಒಂದು ಬಳ್ಳಿಯನ್ನು ನೋಡಿ ನೋಡಿ ಮೊಬೈಲಿಗೆ ಇಳಿಸಿದ. ಮೊದಲು ಕೇಳಿದ್ದ: "ಮಾಮು, ಇದನ್ನ ತಗೊಳ್ಳಲಾ?" ಮಾಮು ಸೂಜಿಯಿಂದ ಕಣ್ಣೆತ್ತದೆ ಹೇಳಿದರು: "ತಗೋ. ಎಲೆ ಮಾತ್ರ ಸರಿಯಾಗಿ ಬರಿ."

11 ದಿನ ಹಿಡಿಯಿತು. ಆಟದೊಳಗಿನ ಅಂಗಡಿಯಲ್ಲಿ ಇಟ್ಟ. ಅಲ್ಲಿಯ ನಾಣ್ಯದಲ್ಲಿ ಬೆಲೆ ಬಹಳ ಕಡಿಮೆ, ನಮ್ಮ ಲೆಕ್ಕದಲ್ಲಿ ಒಂದು ಸಮೋಸಾದ ದುಡ್ಡು. ಮೊದಲ ವಾರ 40ರ ಹತ್ತಿರ ಹೋದವು. ಎಲ್ಲೋ ದೂರದ ದೇಶದ ಹುಡುಗನೊಬ್ಬ ಅದೇ ಕುರ್ತಾ ತೊಟ್ಟು ಎದುರಿಗೆ ಬಂದಾಗ ಇವನು ಕುರ್ಚಿಯಿಂದ ಬಿದ್ದೇಬಿಟ್ಟ. ಈದ್‌ಗೆ ನಾಲ್ಕು ದಿನ ಇರುವಾಗ ಅದೇ ಕುರ್ತಾ ಇನ್ನೊಂದು ಅಂಗಡಿಯಲ್ಲಿ, ಇನ್ನೊಂದು ಹೆಸರಿನಲ್ಲಿ, ಅರ್ಧ ಬೆಲೆಗೆ ಕಾಣಿಸಿತು. ಹೋಲುವ ಕುರ್ತಾ ಅಲ್ಲ, ಅದೇ. ಬಲಗಡೆ ಅವನ ಬೆರಳು ಜಾರಿ ಒಂದು ದಳ ದಪ್ಪವಾಗಿತ್ತು, ಆ ದಪ್ಪ ದಳವೂ ಅಲ್ಲೇ ಇತ್ತು. ಆಮೇಲೆ ಇವನದು ಒಂದೂ ಹೋಗಲಿಲ್ಲ.

ದೂರು ಕೊಡಲು ಹೋದೆವು. ಇಂಗ್ಲಿಷಿನ ಉದ್ದ ಫಾರಂ. ಹಕ್ಕುದಾರನ ಪೂರ್ಣ ಹೆಸರು, ಮನೆ ವಿಳಾಸ, ಫೋನ್, ಸಹಿ ಬೇಕು. ಕೊನೆಯಲ್ಲಿ, ಹೇಳಿದ್ದು ಸುಳ್ಳಾದರೆ ಸುಳ್ಳು ಪ್ರಮಾಣದ ಶಿಕ್ಷೆಗೆ ಒಳಗಾಗುತ್ತೇನೆ ಎಂಬ ಒಪ್ಪಿಗೆ. ತಮ್ಮನಿಗೆ 14. ಅಬ್ಬಾ ಆ ಕೊನೆಯ ಸಾಲನ್ನು ನನ್ನಿಂದ ಮೂರು ಸಲ ಓದಿಸಿ, "ಬೇಟಾ, ನಮಗೆ ಕೋರ್ಟು ಕಚೇರಿ ಬೇಡ" ಎಂದು ಮೊಬೈಲು ತೆಗೆದುಕೊಂಡು ಹೋದರು. ಅವರನ್ನು ನಾನು ದೂರುವುದಿಲ್ಲ. ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಎರಡು ಪ್ಲೇಟ್ ಸಮೋಸಾದ ಮಾತು. ಆದರೆ ತಮ್ಮ ಅಂದಿನಿಂದ ಬರೆಯುವುದನ್ನು ಬಿಟ್ಟ. ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆ ಸಿಟ್ಟಿನಲ್ಲಿ ಹುಡುಕಿ ಓದುತ್ತಾ ಹೋದಾಗ ತಿಳಿದದ್ದು ಇದು: ನಮಗೆ ಹೊಸದಾಗಿ ಕಂಡ ಈ ಕಷ್ಟ ನನ್ನ ವಯಸ್ಸಿಗಿಂತ ಹಳೆಯದು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಎಂಬ ಕಂಪನಿ 2003ರಲ್ಲಿ ಸೆಕೆಂಡ್ ಲೈಫ್ ಎಂಬ ಕಾಲ್ಪನಿಕ ಲೋಕವನ್ನು ತೆರೆಯಿತು. ಅದರಲ್ಲಿ ಗೆಲ್ಲುವುದು ಸೋಲುವುದು ಇಲ್ಲ, ಸುಮ್ಮನೆ ಇರುವುದು. ಬಟ್ಟೆ, ಕುರ್ಚಿ, ಕೂದಲು, ಮನೆ ಎಲ್ಲವನ್ನೂ ಅಲ್ಲಿ ಇರುವವರೇ ಮಾಡಿ ಅಲ್ಲಿ ಇರುವವರಿಗೇ ಮಾರುತ್ತಾರೆ. ಅದೇ ವರ್ಷದ ಕೊನೆಯಲ್ಲಿ ಕಂಪನಿ ಒಂದು ದೊಡ್ಡ ಮಾತು ಕೊಟ್ಟಿತು: ನೀವು ಮಾಡಿದ ವಸ್ತುವಿನ ಬೌದ್ಧಿಕ ಹಕ್ಕು ನಿಮ್ಮದೇ. ಅಲ್ಲಿಯ ಹಣ ಲಿಂಡೆನ್ ಡಾಲರ್. ಸುಮಾರು 250 ಕೊಟ್ಟರೆ ಒಂದು ನಿಜವಾದ ಅಮೆರಿಕನ್ ಡಾಲರ್ ಬರುತ್ತದೆ. ಹೀಗಾಗಿ ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರೂ ಇದ್ದರು.

ರಕ್ಷಣೆಗೆಂದು ಪ್ರತಿ ವಸ್ತುವಿಗೂ ಮೂರು ಅನುಮತಿ ಇಟ್ಟಿದ್ದರು. ಕೊಂಡವನು ನಕಲು ಮಾಡಬಹುದೇ, ಬದಲಾಯಿಸಬಹುದೇ, ಬೇರೆಯವರಿಗೆ ಕೊಡಬಹುದೇ ಎಂದು ಮಾಡಿದವನೇ ತೀರ್ಮಾನಿಸಬಹುದು. ನನಗೆ ಇದು ಬಹಳ ಇಷ್ಟವಾಯಿತು. ನಮ್ಮ ನಿಜ ಲೋಕದ ಅಂಗಡಿಯಲ್ಲೂ ಇಷ್ಟು ಸ್ಪಷ್ಟವಾದ ಒಪ್ಪಂದ ಇರುವುದಿಲ್ಲ.

2006ರ ನವೆಂಬರಿನಲ್ಲಿ ಆ ಬೀಗ ಮುರಿಯಿತು. ಸೆಕೆಂಡ್ ಲೈಫ್ ಹೇಗೆ ಕೆಲಸ ಮಾಡುತ್ತದೆ ಎಂದು ಬಿಚ್ಚಿ ನೋಡುತ್ತಿದ್ದ ಕೆಲವು ಪ್ರೋಗ್ರಾಮರುಗಳು ಕಾಪಿಬಾಟ್ ಎಂಬ ಸಾಧನ ಬರೆದರು. ಪರೀಕ್ಷೆಗೆಂದು ಮಾಡಿದ್ದು ಎಂದರು. ಅದು ಕೈ ದಾಟಿ, ಆ ಲೋಕದೊಳಗೇ ಮಾರಾಟಕ್ಕೆ ಬಂತು. ಎದುರಿಗೆ ನಿಂತ ಅವತಾರನ್ನು, ಅದು ತೊಟ್ಟ ಬಟ್ಟೆಯ ಸಮೇತ, ಮೂರೂ ಅನುಮತಿಗಳನ್ನು ಲೆಕ್ಕಿಸದೆ ನಕಲು ಮಾಡುತ್ತಿತ್ತು. ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಆ ಸಾಧನದ ಮೊದಲ ಆವೃತ್ತಿಗೆ "ಕ್ವಿಟ್" ಎಂಬ ಆದೇಶ ಕೊಟ್ಟರೆ ನಿಲ್ಲುತ್ತದೆ ಎಂದು ಗೊತ್ತಾದಾಗ, ಅಂಗಡಿಯವರು ಗಳಿಗೆಗೊಮ್ಮೆ "ಕ್ವಿಟ್, ಕ್ವಿಟ್" ಎಂದು ಕೂಗುವ ಯಂತ್ರಗಳನ್ನು ಬಾಗಿಲಲ್ಲಿ ಇಟ್ಟುಕೊಂಡರು. ದೃಷ್ಟಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಹಾಗೆ. ಫಲವೂ ಅಷ್ಟೇ.

ಏಕೆ ತಡೆಯಲಾಗಲಿಲ್ಲ? ಕಾರಣ ಸರಳ. ಕುರ್ತಾ ನಿಮ್ಮ ಪರದೆಯ ಮೇಲೆ ಕಾಣಬೇಕಾದರೆ ಅದರ ಆಕಾರ, ಅದರ ಚಿತ್ರ ನಿಮ್ಮ ಕಂಪ್ಯೂಟರಿಗೆ ಬಂದೇ ಬರಬೇಕು. ಬಂದದ್ದನ್ನು ಉಳಿಸಿಕೊಳ್ಳಬಹುದು. ತೋರಿಸುವುದು ಎಂದರೆ ಒಂದು ಪ್ರತಿ ಕೊಡುವುದೇ. ಕಾಪಿಬಾಟಿಗೆ ಸಿಗದೆ ಉಳಿದದ್ದು ವಸ್ತುಗಳನ್ನು ನಡೆಸುವ ಸ್ಕ್ರಿಪ್ಟ್ ಮಾತ್ರ, ಏಕೆಂದರೆ ಅದು ಕಂಪನಿಯ ಸರ್ವರಿನಲ್ಲೇ ಓಡುತ್ತದೆ, ನಮ್ಮ ಕಡೆಗೆ ಬರುವುದಿಲ್ಲ. ಬಾಗಿಲು ತೆರೆಸುವ ಸ್ಕ್ರಿಪ್ಟನ್ನು ಬಚ್ಚಿಡಬಹುದು, ಬಾಗಿಲನ್ನು ಬಚ್ಚಿಡಲಾಗುವುದಿಲ್ಲ. ಲಿಂಡೆನ್ ಲ್ಯಾಬ್ ಕೂಡ ತಂತ್ರಜ್ಞಾನದಿಂದ ಪೂರ್ತಿ ತಡೆಯಲು ಆಗದು ಎಂದು ಒಪ್ಪಿಕೊಂಡು, ಅನುಮತಿಯಿಲ್ಲದೆ ಕಾಪಿಬಾಟ್ ಬಳಸಿದವರ ಖಾತೆ ರದ್ದು ಮಾಡುವುದಾಗಿ ಹೇಳಿತು.

ಆದ್ದರಿಂದ "ಇನ್ನೂ ಗಟ್ಟಿ ಬೀಗ ಹಾಕಿ" ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬ್ಲಾಕ್‌ಚೈನ್ ಬಂದಾಗಲೂ ಹಾಗೇ ಹೇಳಿದರು, ಎನ್‌ಎಫ್‌ಟಿ ಇದ್ದರೆ ಅಸಲಿ ಯಾವುದೆಂದು ಗೊತ್ತಾಗುತ್ತದೆ ಎಂದು. ಆದರೆ ಯಾರದೋ ಚಿತ್ರವನ್ನು ಯಾರೋ ತಮ್ಮ ಹೆಸರಿಗೆ ಎನ್‌ಎಫ್‌ಟಿ ಮಾಡಿಕೊಳ್ಳುವುದನ್ನು ಅದು ತಡೆಯಲಿಲ್ಲ. ಓಪನ್‌ಸೀ ಎಂಬ ದೊಡ್ಡ ಎನ್‌ಎಫ್‌ಟಿ ಮಾರುಕಟ್ಟೆ 2022ರ ಜನವರಿಯಲ್ಲಿ ತಾನೇ ಹೇಳಿಕೊಂಡಿತು: ತನ್ನ ಉಚಿತ ಸಾಧನದಿಂದ ತಯಾರಾದವುಗಳಲ್ಲಿ ಶೇ. 80ಕ್ಕೂ ಹೆಚ್ಚು ಕದ್ದವು, ನಕಲಿ ಅಥವಾ ಕಸ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಮಾಮು ಕೂಡ ನಕಲು ಮಾಡುತ್ತಾರೆ. ಮದುಮಗಳ ಕಡೆಯವರು ಯಾವುದೋ ನಟಿಯ ಫೋಟೋ ಮೊಬೈಲಿನಲ್ಲಿ ತಂದು "ಇದೇ ಬೇಕು" ಎನ್ನುತ್ತಾರೆ. ಮಾಮು ಅದನ್ನು ನೋಡಿ ಬಟರ್ ಪೇಪರಿನ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹಾಕಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿ ಒರೆಸಿ ಬಟ್ಟೆಗೆ ಇಳಿಸುತ್ತಾರೆ. ಇದನ್ನು ನಾನು ಎತ್ತಿದಾಗ ಅವರಿಗೆ ಬೇಸರವಾಯಿತು. ಸ್ವಲ್ಪ ಹೊತ್ತಿನ ನಂತರ ಹೇಳಿದರು: "ನಾನು ನಕಲು ಮಾಡಿದರೂ ದಾರ ನನ್ನದು, ಕಣ್ಣು ನನ್ನದು."

ಮಾಮು ಎಂಟನೇ ತರಗತಿಗೇ ಶಾಲೆ ಬಿಟ್ಟವರು. ಆದರೆ ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಸೀಮಾಂತ ವೆಚ್ಚ ಎಂದು ಓದುತ್ತೇವಲ್ಲ, ಅವರು ಹೇಳಿದ್ದು ಅದನ್ನೇ. ಇನ್ನೊಂದು ಘಟಕ ತಯಾರಿಸಲು ತಗಲುವ ಹೆಚ್ಚುವರಿ ವೆಚ್ಚ. ಮಾಮು ಇನ್ನೊಂದು ರವಿಕೆ ಮಾಡಬೇಕಾದರೆ ಮತ್ತೆ ಹತ್ತು ದಿನ, ಮತ್ತೆ ಜರಿ, ಮತ್ತೆ ಬೆನ್ನುನೋವು. ಆ ವೆಚ್ಚವೇ ಅಲ್ಲಿ ಬೇಲಿಯಾಗಿ ನಿಲ್ಲುತ್ತದೆ. ಕೈಯಿಂದ ಮಾಡಿದ ನಕಲಿನಲ್ಲಿ ಮಾಡಿದವನ ಕೈಯೂ ಸೇರುತ್ತದೆ, ಆದ್ದರಿಂದ ಅದು ಸ್ವಲ್ಪ ಬೇರೆಯಾಗಿಯೇ ಬರುತ್ತದೆ. ಕಾಲ್ಪನಿಕ ಲೋಕದಲ್ಲಿ ಸೀಮಾಂತ ವೆಚ್ಚ ಸೊನ್ನೆ. ಮೊದಲನೆಯ ಕುರ್ತಾಕ್ಕೆ 11 ದಿನ, ಎರಡನೆಯದಕ್ಕೆ ಒಂದು ಕ್ಲಿಕ್, ಅದೂ ಕೂದಲೆಳೆ ವ್ಯತ್ಯಾಸವಿಲ್ಲದೆ. ಕದ್ದವನಿಗೆ ವೆಚ್ಚವೇ ಇಲ್ಲದಿರುವಾಗ ಅರ್ಧ ಬೆಲೆ ಏನು, ಕಾಲು ಬೆಲೆಗೂ ಕೊಡುತ್ತಾನೆ. ಮಾಡಿದವನು ಆ ಸ್ಪರ್ಧೆಯಲ್ಲಿ ಗೆಲ್ಲಲು ಸಾಧ್ಯವೇ ಇಲ್ಲ. ಮಾಮುವಿನ ನಕಲು ಪೂರ್ತಿ ಸರಿ ಎಂದು ನಾನು ಹೇಳುತ್ತಿಲ್ಲ. ಎರಡೂ ಒಂದೇ ಎನ್ನುವವರಿಗೆ ಉತ್ತರ ಹೇಳುತ್ತಿದ್ದೇನೆ ಅಷ್ಟೇ.

ಬೀಗ ಆಗದಿದ್ದರೆ ಕಾನೂನು ಇದೆಯಲ್ಲ ಎಂದು ಕೇಳಬಹುದು. ಇದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಚಿತ್ರ ಕಲಾತ್ಮಕವಾಗಿ ಚೆನ್ನಾಗಿರಬೇಕೆಂದೂ ಇಲ್ಲ. (ತಮ್ಮನಿಗೆ ಈ ಸಾಲು ಓದಿ ಹೇಳಿದೆ. ಅವನಿಗೆ ಸಿಟ್ಟು ಬಂತು.) ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಇದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಕೃತಿಯನ್ನು ಕಾಯುವ ತಾಂತ್ರಿಕ ಬೀಗವನ್ನು ಕದಿಯುವ ಉದ್ದೇಶದಿಂದ ಮುರಿಯುವುದನ್ನೇ ಅಪರಾಧ ಎನ್ನುತ್ತದೆ. 2013ರ ನಿಯಮಗಳ ಪ್ರಕಾರ ದೂರು ಬಂದ 36 ಗಂಟೆಯೊಳಗೆ ಜಾಲತಾಣದವರು ಆ ಪ್ರತಿಯನ್ನು ತಡೆಹಿಡಿಯಬೇಕು. ಆದರೆ 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಅವರು ಅದನ್ನು ಮತ್ತೆ ತೆರೆಯಬಹುದು. ಅಮೆರಿಕದ 1998ರ ಕಾನೂನೂ ಸುಮಾರಾಗಿ ಹೀಗೆಯೇ. ಎದುರು ಪಕ್ಷದವನು "ಇದು ನನ್ನದೇ" ಎಂದು ಬರೆದುಕೊಟ್ಟರೆ, ದೂರು ಕೊಟ್ಟವನು 10ರಿಂದ 14 ಕೆಲಸದ ದಿನಗಳೊಳಗೆ ದಾವೆ ಹೂಡಬೇಕು, ಇಲ್ಲದಿದ್ದರೆ ನಕಲು ವಾಪಸ್ ಅಂಗಡಿಗೆ ಬರುತ್ತದೆ.

ಎರಡೂ ಕಡೆ ದಾರಿ ಕೊನೆಗೆ ನ್ಯಾಯಾಲಯದ ಮೆಟ್ಟಿಲಿಗೇ ಹೋಗುತ್ತದೆ. ಆ ಮೆಟ್ಟಿಲು ಹತ್ತಿದವರಿಗೆ ಏನು ಸಿಕ್ಕಿತು ಎಂಬುದನ್ನೂ ನೋಡಿದೆ. ಸೆಕೆಂಡ್ ಲೈಫಿನಲ್ಲಿ ಮಂಚ ಮುಂತಾದವನ್ನು ಮಾರುತ್ತಿದ್ದ ಈರಾಸ್ ಎಂಬ ಸಣ್ಣ ಕಂಪನಿ 2007ರಲ್ಲಿ ಫ್ಲಾರಿಡಾದಲ್ಲಿ ದಾವೆ ಹೂಡಿತು. ಯಾರ ಮೇಲೆ? ಒಂದು ಅವತಾರಿನ ಮೇಲೆ! ಅದರ ಹಿಂದಿರುವ ಮನುಷ್ಯ ಯಾರೆಂದು ಗೊತ್ತಿರಲಿಲ್ಲ. ಕಂಪನಿಗಳ ದಾಖಲೆಗಳನ್ನು ನ್ಯಾಯಾಲಯದ ಮೂಲಕ ತರಿಸಿಕೊಂಡು ಹುಡುಕಿದರೆ ಸಿಕ್ಕವನು ಟೆಕ್ಸಸ್‌ನ 19 ವರ್ಷದ ಯುವಕ. 2008ರಲ್ಲಿ ಪ್ರಕರಣ ಮುಗಿದಾಗ ಸಿಕ್ಕಿದ್ದು ಇನ್ನು ಮುಂದೆ ನಕಲು ಮಾಡುವುದಿಲ್ಲ ಎಂಬ ಕಟ್ಟುಪಾಡು. ಅದೇ ಹೊತ್ತಿನಲ್ಲಿ ಆರು ಮಂದಿ ತಯಾರಕರು ಸೇರಿ ನ್ಯೂಯಾರ್ಕಿನಲ್ಲಿ ಇನ್ನೊಬ್ಬನ ಮೇಲೆ ದಾವೆ ಹೂಡಿದ್ದರು. ಅವನು ಒಪ್ಪಿಕೊಂಡು ಕಟ್ಟಿದ್ದು 525 ಡಾಲರ್. ಆರು ಜನ ಹಂಚಿಕೊಂಡರೆ ತಲೆಗೆ 87 ಡಾಲರ್ 50 ಸೆಂಟ್. ವಕೀಲರು ಬಂದು ಹೋಗುವ ಖರ್ಚಿಗೂ ಸಾಲದು.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡುತ್ತೇನೆ. ಫ್ರಾನ್ಸಿನ ಹರ್ಮೆಸ್ ಎಂಬ ಬಹಳ ದುಬಾರಿ ಚೀಲಗಳ ಕಂಪನಿಯ ಬರ್ಕಿನ್ ಚೀಲವನ್ನು ಹೋಲುವ ಚಿತ್ರಗಳನ್ನು ಕಲಾವಿದನೊಬ್ಬ ಎನ್‌ಎಫ್‌ಟಿ ಮಾಡಿ ಮಾರಿದ. 2023ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಜ್ಯೂರಿ ಹರ್ಮೆಸ್‌ಗೆ 1,33,000 ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ಅದು ಟ್ರೇಡ್‌ಮಾರ್ಕಿನ ಪ್ರಕರಣ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಎಂದು ಗೊತ್ತಿದೆ. ಆದರೂ ನೋಡಿ, ಕಾಲ್ಪನಿಕ ವಸ್ತುವಿಗೆ ನ್ಯಾಯ ಕೊಡಲು ಕಾನೂನಿಗೆ ಬರುವುದಿಲ್ಲ ಎಂದೇನಿಲ್ಲ. ದೊಡ್ಡವರು ಕೇಳಿದರೆ ಬರುತ್ತದೆ.

ಈಗ ನಾನು ಕಾಮರ್ಸ್ ವಿದ್ಯಾರ್ಥಿನಿಯಾಗಿ ಕೇಳಬೇಕಾದ ಪ್ರಶ್ನೆಗೆ ಬರುತ್ತೇನೆ. ತಮ್ಮನ ಕುರ್ತಾದ ಪ್ರತಿ ಮಾರಾಟದಲ್ಲೂ ಆಟದ ಕಂಪನಿ ಕಮಿಷನ್ ಹಿಡಿದುಕೊಂಡಿತು. ಅದು ಸರಿ, ಅಂಗಡಿ ಜಾಗ ಅವರದು. ಕದ್ದ ಕುರ್ತಾದ ಪ್ರತಿ ಮಾರಾಟದಲ್ಲೂ ಅದೇ ಕಂಪನಿ ಅದೇ ಕಮಿಷನ್ ಹಿಡಿದುಕೊಂಡಿತು. ಕದ್ದದ್ದು ಹೆಚ್ಚು ಹೋದದ್ದರಿಂದ ಅದರಿಂದಲೇ ಹೆಚ್ಚು ಬಂದಿರಬೇಕು. ಆ ಮೊತ್ತವನ್ನು ಅವರು ಪುಸ್ತಕದಲ್ಲಿ ಯಾವ ತಲೆಬರಹದ ಕೆಳಗೆ ಬರೆದರು? ಕಮಿಷನ್ ಖಾತೆ, ಕ್ರೆಡಿಟ್, ಆದಾಯ. ಆದರೆ ನಮಗೆ ಅಕೌಂಟೆನ್ಸಿಯಲ್ಲಿ ಮೊದಲಿನಿಂದ ಹೇಳಿಕೊಟ್ಟದ್ದು ಏನು? ನಮ್ಮ ಕೈಗೆ ಬಂದದ್ದೆಲ್ಲ ನಮ್ಮ ಆದಾಯವಲ್ಲ. ಬೇರೆಯವರಿಗೆ ಸೇರಬೇಕಾದದ್ದು ನಮ್ಮ ಕೈಯಲ್ಲಿದ್ದರೆ ಅದು ಹೊಣೆ. ಇದೇ ಪ್ರಶ್ನೆಯನ್ನು, ನಕಲಿನಿಂದ ನೀವೂ ಲಾಭ ಪಡೆಯುತ್ತಿದ್ದೀರಿ ಎಂಬ ಆರೋಪದ ರೂಪದಲ್ಲಿ, 2009ರಲ್ಲಿ ತಯಾರಕರು ಲಿಂಡೆನ್ ಲ್ಯಾಬಿನ ಮೇಲೆಯೇ ದಾವೆ ಹೂಡಿ ಕೇಳಿದ್ದರು.

ನಕಲಿನಿಂದ ಕಳ್ಳನಿಗೆ ಲಾಭ, ಕೊಂಡವನಿಗೆ ಅಗ್ಗ, ಜಾಗ ಕೊಟ್ಟವನಿಗೆ ಕಮಿಷನ್. ಮೂರು ಜನರಿಗೆ ಒಳ್ಳೆಯದಾಗಿ ಒಬ್ಬನಿಗೆ ಮಾತ್ರ ನಷ್ಟವಾಗುವ ವ್ಯವಹಾರವನ್ನು ನಿಲ್ಲಿಸಲು ಯಾರಿಗೆ ಅವಸರ ಇರುತ್ತದೆ? ಆದ್ದರಿಂದ ನನ್ನ ಅಭಿಪ್ರಾಯ ಇದು. ದೂರು ಬಂದ ತಕ್ಷಣ ಆ ವಸ್ತುವಿನ ಮಾರಾಟದ ಹಣವನ್ನೂ, ಕಂಪನಿ ತನ್ನ ಪಾಲಿಗೆ ಹಿಡಿದ ಕಮಿಷನ್ನನ್ನೂ ಸೇರಿಸಿ ಒಂದು ಸಸ್ಪೆನ್ಸ್ ಖಾತೆಗೆ ಹಾಕಬೇಕು. ಯಾರದೆಂದು ತೀರ್ಮಾನವಾಗುವವರೆಗೆ ಅದು ಯಾರ ಆದಾಯವೂ ಅಲ್ಲ. ಉರ್ದುವಿನಲ್ಲಿ ಇಂಥ ಹಣಕ್ಕೆ ಅಮಾನತ್ ಎನ್ನುತ್ತೇವೆ, ನಂಬಿಕೆಯ ಮೇಲೆ ಕಾಯ್ದಿಟ್ಟ ಇನ್ನೊಬ್ಬರ ಸ್ವತ್ತು. ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ಅಧಿಕಾರಿಯನ್ನು ಕೆಲಸದಿಂದ ತಡೆಹಿಡಿಯುವುದು. ಈ ಹಣ ಎರಡೂ ಅರ್ಥದಲ್ಲಿ ಅಮಾನತಾಗಲಿ. ಮೊದಲು ಏರಿಸಿದವರು ಯಾರು ಎಂಬ ದಿನಾಂಕ, ಸಮಯ ಕಂಪನಿಯ ಸರ್ವರಿನಲ್ಲೇ ಇರುತ್ತದೆ. ಅದನ್ನು ನೋಡುವ ಕೆಲಸ ಕಂಪನಿಯದಾಗಲಿ. 14 ವರ್ಷದ ಹುಡುಗ ಪ್ರಮಾಣ ಮಾಡಿ ಸಾಬೀತು ಮಾಡಬೇಕೆನ್ನುವುದು ಬೇಡ. ತೀರ್ಮಾನವಾದ ಮೇಲೆ ಆ ಪೂರ್ತಿ ಮೊತ್ತ ಮಾಡಿದವನಿಗೆ ಹೋಗಲಿ.

ನಮ್ಮ ತರಗತಿಯಲ್ಲಿ ಇದನ್ನು ಹೇಳಿದಾಗ ಗೆಳತಿಯೊಬ್ಬಳು ಒಳ್ಳೆಯ ಆಕ್ಷೇಪ ಎತ್ತಿದಳು. ಪೈಪೋಟಿಯವರು ಸುಳ್ಳು ದೂರು ಕೊಟ್ಟರೆ? ಆಗುತ್ತದೆ, ಖಂಡಿತ ಆಗುತ್ತದೆ. ಈಗಿನ ಪದ್ಧತಿಯಲ್ಲೇ ಅದು ಹೆಚ್ಚು ಅಪಾಯ, ಏಕೆಂದರೆ ಈಗ ದೂರು ಬಂದರೆ ವಸ್ತುವನ್ನೇ ತೆಗೆಯುತ್ತಾರೆ, ಹಬ್ಬದ ವಾರದ ವ್ಯಾಪಾರ ಮುಗಿದೇ ಹೋಗುತ್ತದೆ. ನಾನು ಹೇಳುವ ರೀತಿಯಲ್ಲಿ ಅಂಗಡಿ ತೆರೆದೇ ಇರುತ್ತದೆ, ಹಣ ಮಾತ್ರ ಕೆಲವು ದಿನ ನಿಲ್ಲುತ್ತದೆ. ನಿರಪರಾಧಿಗೆ ಪೂರ್ತಿ ವಾಪಸ್. ಕಳ್ಳನಿಗೆ ಮಾತ್ರ ಮೊದಲ ದಿನದಿಂದ ಮಾರಿದ್ದೆಲ್ಲ ದಂಡ. ಇನ್ನೊಬ್ಬ ಗೆಳೆಯ "ಎಲ್ಲರೂ ನೋಡಿಯೇ ಅಲ್ಲವೇ ಕಲಿಯುವುದು" ಎಂದ. ಅದೂ ನಿಜ. ತಮ್ಮ ಕಲಿತದ್ದು ಯಾರೋ ಪುಣ್ಯಾತ್ಮರು ಉಚಿತವಾಗಿ ಇಟ್ಟ ಮಾದರಿಗಳನ್ನು ಬಿಚ್ಚಿ ನೋಡಿ. ಆದರೆ ಅವರು "ತಗೋ" ಎಂದು ಬರೆದಿಟ್ಟಿದ್ದರು. ಮಾಮು ಹೇಳಿದ ಹಾಗೆ.

ನಮ್ಮನ್ನೂ ನಾವು ನೋಡಿಕೊಳ್ಳಬೇಕು. ಹೋದ ವರ್ಷದ ವಾರ್ಷಿಕೋತ್ಸವದ ಪೋಸ್ಟರು ನಿಮಗೆ ನೆನಪಿರಬಹುದು, ಚಂದ್ರ ಮತ್ತು ಲಾಟೀನು ಇದ್ದದ್ದು. ಎಲ್ಲರೂ ಹೊಗಳಿದಿರಿ. ಅದರ ಚಿತ್ರವನ್ನು ಅಂತರ್ಜಾಲದಿಂದ ಇಳಿಸಿ, ಕೆಳಗಡೆ ಚಿತ್ರಗಾರರ ಹೆಸರಿದ್ದ ಪಟ್ಟಿಯನ್ನು ಕತ್ತರಿಸಿದವಳು ನಾನೇ. ಆಗ ಅದು ಕಳ್ಳತನ ಎಂದು ಅನ್ನಿಸಲೇ ಇಲ್ಲ. ಜಾಗ ಸಾಲದು ಎಂದುಕೊಂಡೆ. ಈ ವರ್ಷದ ಪೋಸ್ಟರಿಗೆ ಸಮಿತಿಯವರು ನಮ್ಮ ಕಾಲೇಜಿನವರಿಂದಲೇ ಚಿತ್ರ ಬರೆಸಿ, ಮೂಲೆಯಲ್ಲಿ ಅವರ ಹೆಸರು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಈ ವಾರ್ತಾಪತ್ರದ ಚಿತ್ರಗಳಿಗೂ ಅದೇ.

ದಾದಿಗೆ ಕಾಪಿರೈಟ್ ಎಂದರೆ ಏನೆಂದು ಹೇಳಲು ಹೋಗಿ ಸೋತೆ. ಎಲ್ಲ ಕೇಳಿಸಿಕೊಂಡು ಅವರು "ಅಂದರೆ ಮಗುವಿನ ಹಕ್ ಹೊಡೆದರು" ಎಂದರು. ಕನ್ನಡದಲ್ಲಿ ಇದಕ್ಕೆ ಹಕ್ಕುಸ್ವಾಮ್ಯ ಎಂದೂ ಬರೆಯುತ್ತಾರೆ. ದಾದಿಯ ಹಕ್ ಮತ್ತು ಪತ್ರಿಕೆಯ ಹಕ್ಕು ಒಂದೇ ಪದ ಎಂದು ನನಗೆ ಹೊಳೆದದ್ದು ಅವತ್ತೇ.

ತಮ್ಮ ಎರಡು ತಿಂಗಳು ಮೊಬೈಲಿನಲ್ಲಿ ಏನೂ ಬರೆಯಲಿಲ್ಲ. ಕಳೆದ ವಾರ ಮತ್ತೆ ಅಡ್ಡಾದ ಪಕ್ಕ ಕೂತಿದ್ದ. ಬಕ್ರೀದಿಗೆ ಹೊಸ ಕುರ್ತಾವಂತೆ, ಈ ಸಲ ಮಾವಿನಕಾಯಿ ಬುಟ್ಟಾ. ನಕಲಾದರೆ ಗುರುತು ಹಿಡಿಯಲೆಂದು ಒಂದು ಬುಟ್ಟಾದಲ್ಲಿ ಬೇಕೆಂದೇ ಒಂದು ತಪ್ಪು ಗೆರೆ ಹಾಕಿದ್ದಾನೆ. ಮಾಮು ಕನ್ನಡಕ ಏರಿಸಿ ಎರಡು ನಿಮಿಷ ಹುಡುಕಿ, ಸಿಗದೆ ನಕ್ಕರು. ನನಗೆ ಅವನು ಅದು ಎಲ್ಲಿದೆ ಎಂದು ತೋರಿಸಿದ್ದಾನೆ, ಇಲ್ಲಿ ಬರೆಯಬಾರದು ಎಂದು ಮಾತು ತೆಗೆದುಕೊಂಡು.